ಮೇಲಿನವರಿಗೆ ನಮ್ಮ ಕೆಲಸ ಗೊತ್ತಿರಬೇಕಾ?

ಪ್ರಶ್ನೆ: ಅಕ್ಕಾ, ನಾನು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೊಸದಾಗಿ ಬಂದ ಮುಖ್ಯಸ್ಥರು ಮೊದಲು ಹೋಟೆಲ್ ವ್ಯವಹಾರದಲ್ಲಿದ್ದವರು. ಒಳ್ಳೆಯವರೇ. ಆದರೆ ಹಿಮೋಲೈಸ್ ಆದ, ಅಂದರೆ ಕೆಂಪು ರಕ್ತಕಣ ಒಡೆದುಹೋದ ಸ್ಯಾಂಪಲ್ಲನ್ನು ಯಾಕೆ ಮತ್ತೆ ತೆಗೆಯಬೇಕು ಅಂತ ಅವರಿಗೆ ತಿಳಿಸಿ ಹೇಳುವುದರಲ್ಲೇ ಸಾಕಾಗುತ್ತದೆ. ‘ಆಡಳಿತ ಗೊತ್ತಿದ್ದರೆ ಸಾಕು, ಡಾಕ್ಟರೇ ಆಗಬೇಕಾ?’ ಅಂತಾರೆ ನಮ್ಮ ಯಜಮಾನರು. ಇದರ ಬಗ್ಗೆ ಲಂಡನ್ನಿನ ಪ್ರೊಫೆಸರ್ ಒಬ್ಬರು ಅಧ್ಯಯನ ಮಾಡಿದ್ದಾರಂತೆ. ಅದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ?
– ಓದುಗರು, ದಾವಣಗೆರೆ

ಉತ್ತರ: ತಂಗೀ, ನೀವು ಕೇಳಿದ್ದು ಅಮಾಂಡಾ ಗುಡಾಲ್ ಅವರ ವಿಷಯ ಇರಬೇಕು. ಲಂಡನ್ನಿನ ಬೇಯ್ಸ್ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್. ಮೂವತ್ತು ವರ್ಷ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು ನಾನು. ಅವರ ಅಧ್ಯಯನದ ಬಗ್ಗೆ ಮೊದಲ ಸಲ ಓದಿದಾಗ ಒಂದು ಹಳೇ ಬೆಳಿಗ್ಗೆ ಕಣ್ಣಮುಂದೆ ಬಂತು.

ಆಗ ಐಸಿಯು ನನ್ನ ಜವಾಬ್ದಾರಿ. ವೆಂಟಿಲೇಟರ್ ಹಾಕಿದ ರೋಗಿಗೆ ಗಂಟಲಿನ ಕಫ ತೆಗೆಯಲು ಪ್ರತಿ ಸಲವೂ ಹೊಸ ಸಕ್ಷನ್ ಕೆಥೀಟರ್, ಅಂದರೆ ಕಫ ಹೀರುವ ತೆಳು ಪೈಪ್ ಬೇಕು. ದಿನಕ್ಕೆ ಹತ್ತು ಹನ್ನೆರಡು ಸುಲಭವಾಗಿ ಖರ್ಚಾಗುತ್ತದೆ. ಬೇರೆ ಉದ್ಯಮದಿಂದ ಬಂದಿದ್ದ ಆಡಳಿತಾಧಿಕಾರಿ ನನ್ನ ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ) ವಾಪಸ್ ಕಳಿಸಿದ್ದರು. ‘ಒಬ್ಬ ಪೇಷೆಂಟಿಗೆ ಇಷ್ಟೊಂದು ಪೈಪ್ ಯಾಕೆ?’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಎರಡು ಪುಟ ವಿವರಣೆ ಬರೆದೆ. ಅರ್ಧ ಸಿಕ್ಕಿತು. ಅವರ ನಂತರ ಅರಿವಳಿಕೆ ತಜ್ಞರೊಬ್ಬರು ಆ ಜಾಗಕ್ಕೆ ಬಂದರು. ಬೆಳಿಗ್ಗೆ ಏಳಕ್ಕೆ ಬೆಡ್ ಪಕ್ಕ ನಿಂತು, ಒಂದು ಸಲ ಸಕ್ಷನ್ ಮಾಡುವುದನ್ನು ನೋಡಿ, ಅಲ್ಲೇ ಗೋಡೆಗೆ ಒರಗಿಸಿಕೊಂಡು ಇಂಡೆಂಟಿಗೆ ಸಹಿ ಹಾಕಿದರು. ಒಂದು ಮಾತೂ ಕೇಳಲಿಲ್ಲ.

ಗುಡಾಲ್ ಹೇಳುವುದೂ ಇದನ್ನೇ. ಮೂಲ ಕೆಲಸವನ್ನು ಸ್ವತಃ ಚೆನ್ನಾಗಿ ಮಾಡಿದವರಿಗೆ ಅದಕ್ಕೆ ಏನೇನು ಬೇಕು ಅಂತ ಗೊತ್ತಿರುತ್ತದೆ, ಕೆಳಗಿನವರೂ ಅವರನ್ನು ನಂಬುತ್ತಾರೆ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಮೆರಿಕದ ಆಸ್ಪತ್ರೆಗಳ ಮೇಲೆ. ಕ್ಯಾನ್ಸರ್, ಹೃದ್ರೋಗ, ಜೀರ್ಣಾಂಗದ ಕಾಯಿಲೆ, ಈ ಮೂರು ವಿಭಾಗಗಳಲ್ಲಿ ಮೊದಲ ನೂರು ಸ್ಥಾನದಲ್ಲಿದ್ದ ಆಸ್ಪತ್ರೆಗಳನ್ನು ತೆಗೆದುಕೊಂಡು, ಪ್ರತಿಯೊಂದರ ಮುಖ್ಯಸ್ಥರು ವೈದ್ಯರೋ ಅಲ್ಲವೋ ಅಂತ ಹುಡುಕಿದರು. ವೈದ್ಯರು ನಡೆಸುವ ಕಡೆ ಗುಣಮಟ್ಟದ ಅಂಕ ಸುಮಾರು 25% ಜಾಸ್ತಿ ಇತ್ತು. ಆ ಕಾಲದಲ್ಲಿ ಅಮೆರಿಕದ ಸುಮಾರು 6,500 ಆಸ್ಪತ್ರೆಗಳ ಪೈಕಿ ವೈದ್ಯರು ಮುಖ್ಯಸ್ಥರಾಗಿದ್ದದ್ದು ಬರೀ 235ರಲ್ಲಿ ಅನ್ನೋದನ್ನು ನೆನಪಿಡಿ.

ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಲೇಬೇಕು. ವೈದ್ಯರು ಬಂದದ್ದರಿಂದಲೇ ಆಸ್ಪತ್ರೆ ಚೆನ್ನಾಯಿತು ಅಂತ ಈ ಅಂಕದಿಂದ ಸಾಬೀತಾಗುವುದಿಲ್ಲ. ಚೆನ್ನಾಗಿದ್ದ ಆಸ್ಪತ್ರೆಗಳೇ ವೈದ್ಯರನ್ನು ಆರಿಸಿಕೊಂಡಿರಬಹುದು ಅಲ್ವಾ? ಗುಡಾಲ್ ಅವರೇ ಇದನ್ನು ಒಪ್ಪಿ ಬರೆದಿದ್ದಾರೆ. ಅವರ ಮೇಲೆ ನನಗೆ ನಂಬಿಕೆ ಬಂದದ್ದೇ ಅದರಿಂದ. ಅವರು ಅಲ್ಲಿಗೆ ಬಿಡಲೂ ಇಲ್ಲ. ವಿಶ್ವವಿದ್ಯಾಲಯ, ಬಾಸ್ಕೆಟ್‌ಬಾಲ್, 1950ರಿಂದ 2011ರವರೆಗಿನ ಫಾರ್ಮುಲಾ ಒನ್ ಕಾರ್ ರೇಸ್, ಎಲ್ಲ ಕಡೆ ಇದೇ ಪ್ರಶ್ನೆ ಹಿಡಿದು ಹೋದರು. ರೇಸಿನಲ್ಲೂ ಹಳೇ ಡ್ರೈವರ್‌ಗಳು ನಡೆಸಿದ ತಂಡಗಳೇ ಹೆಚ್ಚು ಗೆದ್ದಿದ್ದವು.

ಉಪಯೋಗ ಏನಾಯಿತು ಅಂತ ಕೇಳಿದ್ದೀರಿ. ವೈದ್ಯರು ಆಡಳಿತಕ್ಕೆ ಬರಬೇಕಾ ಎಂಬ ಚರ್ಚೆ ಎಲ್ಲಿ ನಡೆದರೂ ಆ 2011ರ ಅಧ್ಯಯನದ ಮಾತು ಬರುತ್ತದೆ. ಅವರ ಕಾಲೇಜಿನಲ್ಲೇ ವೈದ್ಯರಿಗಾಗಿ ನಾಯಕತ್ವದ ಸ್ನಾತಕೋತ್ತರ ಕೋರ್ಸ್ ಶುರುವಾಯಿತು. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಯಾಕೆಂದರೆ ಕೈಚಳಕದ ಸರ್ಜನ್ ಒಬ್ಬರನ್ನು ತಂದು ಕುರ್ಚಿಯಲ್ಲಿ ಕೂರಿಸಿ, ಡ್ಯೂಟಿ ಪಟ್ಟಿ ಹಾಕಲೂ ಬಾರದೆ ಅವರು ಒದ್ದಾಡಿದ್ದನ್ನೂ ನಾನು ನೋಡಿದ್ದೇನೆ. ಕೆಲಸ ಗೊತ್ತಿದ್ದವರಿಗೆ ಆಡಳಿತ ಕಲಿಸಬಹುದು. ಬರೀ ಆಡಳಿತ ಗೊತ್ತಿದ್ದವರಿಗೆ ಇಪ್ಪತ್ತು ವರ್ಷದ ವಾರ್ಡಿನ ಅನುಭವ ಎಲ್ಲಿಂದ ತರುವುದು?

ನಿಮಗೆ ಹತ್ತಿರದ ಅಧ್ಯಯನ ಇನ್ನೊಂದಿದೆ. ಜೊತೆಗಾರರ ಸಂಗಡ 2017ರಲ್ಲಿ ಪ್ರಕಟಿಸಿದ್ದು. ಅಮೆರಿಕ, ಬ್ರಿಟನ್ನಿನ ಸುಮಾರು 35,000 ನೌಕರರ ಮಾಹಿತಿ ಅದರಲ್ಲಿದೆ. ‘ಬೇಕಾದರೆ ನಿಮ್ಮ ಬಾಸ್ ನಿಮ್ಮ ಕೆಲಸ ಮಾಡಬಲ್ಲರಾ?’ ಇದು ಅಲ್ಲಿನ ಒಂದು ಪ್ರಶ್ನೆ. ಹೌದು ಅಂದವರು ಕೆಲಸದಲ್ಲಿ ಹೆಚ್ಚು ಖುಷಿಯಾಗಿದ್ದರು. ಸಂಬಳಕ್ಕಿಂತಲೂ ಬಾಸಿನ ಕೆಲಸದ ಜ್ಞಾನವೇ ಆ ಖುಷಿಗೆ ಹೆಚ್ಚು ಕಾರಣವಾಗಿ ಕಂಡಿತು.

ನಿಮ್ಮ ಮುಖ್ಯಸ್ಥರು ಒಳ್ಳೆಯವರು ಅಂದಿರಲ್ಲ, ಅದು ಸಣ್ಣ ವಿಷಯವಲ್ಲ. ಒಂದು ದಿನ ಬೆಳಿಗ್ಗೆ, ಖಾಲಿ ಹೊಟ್ಟೆಯ ಸ್ಯಾಂಪಲ್‌ಗೆ ಜನ ಸಾಲು ನಿಂತಿರುವಾಗ, ಲ್ಯಾಬಿಗೆ ಕರೆಯಿರಿ. ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಿಂದ ತೆಗೆದ ಎರಡು ಟ್ಯೂಬ್ ಅವರ ಕೈಗೆ ಕೊಡಿ. ಒಂದರ ಮೇಲೆ ತಿಳಿ ಹಳದಿ ಸೀರಮ್ ಇರಲಿ, ಇನ್ನೊಂದರ ಮೇಲೆ ಕೆಂಪಾದದ್ದು. ಈ ಕೆಂಪು ಟ್ಯೂಬಿನಲ್ಲಿ ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ಬರುತ್ತದೆ, ಅದನ್ನು ನಂಬಿ ಡಾಕ್ಟರು ಔಷಧಿ ಕೊಟ್ಟರೆ ರೋಗಿಗೇ ಅಪಾಯ ಅಂತ ಹೇಳಿ. ಹೇಗಾಯಿತು ಅಂತ ನನಗೆ ಬರೆಯಿರಿ.