ಪಲ್ಸ್ ಕಂಪ್ರೆಷನ್: ಲಾಭ ಬರೆದಿದ್ದೀರಿ, ಬೆಲೆ ಬರೆದಿಲ್ಲ

ಪ್ರಿಯ ಲೇಖಕರೇ,

ರೇಡಾರ್ ಪಲ್ಸ್ ಕಂಪ್ರೆಷನ್ (ಉದ್ದನೆಯ ರೇಡಿಯೊ ಪಲ್ಸ್ ಕಳುಹಿಸಿ, ಮರಳಿದ ಪ್ರತಿಧ್ವನಿಯನ್ನು ರಿಸೀವರಿನಲ್ಲಿ ಕುಗ್ಗಿಸುವ ತಂತ್ರ) ಕುರಿತು ನೀವು ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ಕನ್ನಡದಲ್ಲಿ ಕೈಗೆತ್ತಿಕೊಳ್ಳುವವರು ಅಪರೂಪ. ನಿಮ್ಮ ಲೇಖನ ಕೈಬಿಟ್ಟುಹೋಗಬಾರದೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೂರನೆಯ ಪುಟದಲ್ಲಿ "ಕುಗ್ಗಿಸಿದ ಪಲ್ಸ್ ಗುರಿಗೆ ಬಡಿದು ಹಿಂತಿರುಗುತ್ತದೆ" ಎಂದಿದ್ದೀರಿ. ಇದು ತಪ್ಪು. ಆಕಾಶಕ್ಕೆ ಹೋಗುವುದೂ ಅಲ್ಲಿಂದ ಮರಳುವುದೂ ಉದ್ದನೆಯ ಪಲ್ಸೇ. ಅದು ಕುಗ್ಗುವುದು ರಿಸೀವರಿನೊಳಗೆ, ಲೆಕ್ಕಾಚಾರದಲ್ಲಿ. ಈ ಒಂದು ವಾಕ್ಯವನ್ನು ನಂಬಿದ ಓದುಗನಿಗೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ.

ಲೇಖನ ಸಮೀಕರಣದಿಂದ ಶುರುವಾಗುತ್ತದೆ. ಅದು ಇಕ್ಕಟ್ಟಿನಿಂದ ಶುರುವಾಗಬೇಕಿತ್ತು. 1 ಮೈಕ್ರೊಸೆಕೆಂಡಿನ ಪಲ್ಸ್ 150 ಮೀಟರ್ ಅಂತರದ ಎರಡು ಗುರಿಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು. ಆದರೆ ಟ್ರಾನ್ಸ್‌ಮಿಟರ್ ಒಮ್ಮೆಲೇ ಇಷ್ಟೇ ಕೊಡಬಲ್ಲದು ಎಂಬ ಮಿತಿ ಇರುವುದರಿಂದ, ದೂರದ ಗುರಿಗೆ ಸಾಲುವಷ್ಟು ಶಕ್ತಿ ಅಷ್ಟು ಚಿಕ್ಕ ಪಲ್ಸಿನಲ್ಲಿ ಹಿಡಿಸುವುದಿಲ್ಲ. ಅದನ್ನು 100 ಮೈಕ್ರೊಸೆಕೆಂಡಿಗೆ ಹಿಗ್ಗಿಸಿದರೆ ಶಕ್ತಿ ನೂರು ಪಟ್ಟಾಗುತ್ತದೆ, ಆದರೆ 15 ಕಿಲೋಮೀಟರಿಗಿಂತ ಕಡಿಮೆ ಅಂತರದ ವಿಮಾನಗಳ ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುತ್ತವೆ. ಆ ಪಲ್ಸಿನ ಉದ್ದಕ್ಕೂ ಆವರ್ತನವನ್ನು 1 ಮೆಗಾಹರ್ಟ್ಸ್‌ನಷ್ಟು ಏರಿಸುತ್ತ ಹೋಗಿ, ಅಂದರೆ ಚಿರ್ಪ್ ಮಾಡಿ ಕಳುಹಿಸಿದರೆ, ಬಂದ ಸಿಗ್ನಲ್ಲನ್ನು ಕಳುಹಿಸಿದ ಪಲ್ಸಿನೊಂದಿಗೆ ಹೋಲಿಸುವ ಮ್ಯಾಚ್ಡ್ ಫಿಲ್ಟರ್ ಅದನ್ನು ಮತ್ತೆ ಸುಮಾರು 1 ಮೈಕ್ರೊಸೆಕೆಂಡಿಗೆ ಇಳಿಸುತ್ತದೆ. ಕಂಪ್ರೆಷನ್ ಆದ ಮೇಲೆ ಗುರಿಗಳನ್ನು ಬಿಡಿಸಿ ತೋರಿಸುವುದು ಪಲ್ಸಿನ ಉದ್ದವಲ್ಲ, ಅದರ ಬ್ಯಾಂಡ್‌ವಿಡ್ತ್, ಅಂದರೆ ಅದರ ಆವರ್ತನಗಳ ಹರವು. ಇಷ್ಟು ಮುಖ್ಯವಾದ ಮಾತನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ!

ಪಲ್ಸನ್ನು ತುಣುಕುಗಳಾಗಿಸಿ ಕೆಲವು ತುಣುಕುಗಳ ಫೇಸ್ (ಅಲೆಯ ಹಂತ) ತಿರುಗಿಸುವ ಬಾರ್ಕರ್ ಕೋಡ್ "ಎಲ್ಲಕ್ಕಿಂತ ಉತ್ತಮ" ಎಂಬ ನಿಮ್ಮ ತೀರ್ಪಿಗೆ ನನ್ನ ಒಪ್ಪಿಗೆಯಿಲ್ಲ. 13 ತುಣುಕುಗಳ ಬಾರ್ಕರ್ ಕೋಡಿನ ಸೈಡ್‌ಲೋಬ್ (ಕುಗ್ಗಿಸಿದ ಪಲ್ಸಿನ ಶಿಖರದ ಅಕ್ಕಪಕ್ಕ ಏಳುವ ಚಿಕ್ಕ ಉಬ್ಬು) ಶಿಖರಕ್ಕಿಂತ 22.3 ಡೆಸಿಬೆಲ್ ಕೆಳಗಿರುತ್ತದೆ, ಚಿರ್ಪಿನದು ಸುಮಾರು 13 ಡೆಸಿಬೆಲ್ ಮಾತ್ರ. ನಿಜ. ಆದರೆ ಗುರಿ ಚಲಿಸುತ್ತಿದ್ದರೆ? ತರಂಗಾಂತರ 3 ಸೆಂಟಿಮೀಟರ್, ವಿಮಾನ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ರೇಡಾರಿನತ್ತ ಬರುತ್ತಿದೆ ಎಂದಿಟ್ಟುಕೊಳ್ಳಿ. ಡಾಪ್ಲರ್ ಪಲ್ಲಟ, ಅಂದರೆ ಚಲನೆಯಿಂದ ಆವರ್ತನದಲ್ಲಾಗುವ ಬದಲಾವಣೆ, 10 ಕಿಲೋಹರ್ಟ್ಸ್ ಆಗುತ್ತದೆ. 100 ಮೈಕ್ರೊಸೆಕೆಂಡಿನ ಪಲ್ಸ್ ಮುಗಿಯುವಷ್ಟರಲ್ಲಿ ಫೇಸ್ ಪೂರಾ ಒಂದು ಸುತ್ತು ತಿರುಗಿರುತ್ತದೆ. ಹದಿಮೂರು ತುಣುಕುಗಳು ಒಂದಕ್ಕೊಂದು ಕೂಡಿಕೊಳ್ಳುವ ಬದಲು ಒಂದನ್ನೊಂದು ಅಳಿಸುತ್ತವೆ. ಶಿಖರ ಇರಬೇಕಾದ ಜಾಗದಲ್ಲಿ ಸೊನ್ನೆ! ಅದೇ ವಿಮಾನಕ್ಕೆ ಚಿರ್ಪಿನ ಶಿಖರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ದೂರದ ಅಳತೆ ಮಾತ್ರ 150 ಮೀಟರಿನಷ್ಟು ತಪ್ಪುತ್ತದೆ. ಈ ಲೆಕ್ಕವನ್ನು ಓದುಗನ ಕಣ್ಣೆದುರೇ ಮಾಡಿ. ನಿಮ್ಮ ಲೇಖನಕ್ಕೆ ಜೀವ ಬರುವುದು ಇಲ್ಲಿಯೇ.

ಹ್ಯಾಮಿಂಗ್ ವಿಂಡೋ (ಅಂಚುಗಳ ತೂಕ ತಗ್ಗಿಸುವ ಗುಣಕ) ಹಾಕಿದರೆ ಸೈಡ್‌ಲೋಬ್ ತಗ್ಗುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಶಿಖರ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ, ಸಿಗ್ನಲ್-ನಾಯ್ಸ್ ಅನುಪಾತದಲ್ಲಿ ಸುಮಾರು 1.3 ಡೆಸಿಬೆಲ್ ಕೈಬಿಡುತ್ತದೆ. ದೊಡ್ಡ ವಿಮಾನದ ಪಕ್ಕದಲ್ಲಿರುವ ಚಿಕ್ಕ ವಿಮಾನ ಕಾಣಬೇಕಾದರೆ ತೆರಬೇಕಾದ ಬೆಲೆ ಇದು, ಮುಚ್ಚಿಡಬೇಡಿ.

ಎಫ್‌ಎಫ್‌ಟಿಯನ್ನು (ಸಿಗ್ನಲ್ಲನ್ನು ಅದರ ಆವರ್ತನಗಳಾಗಿ ಬೇಗನೆ ಬಿಡಿಸುವ ಲೆಕ್ಕದ ವಿಧಾನವನ್ನು) ಸಾಧಿಸಿ ತೋರಿಸಲು ಎರಡು ಪುಟ ಬೇಡ. ಬಂದ ಸಿಗ್ನಲ್ಲಿನ ಎಫ್‌ಎಫ್‌ಟಿಯನ್ನು, ಕಳುಹಿಸಿದ ಪಲ್ಸಿನ ಎಫ್‌ಎಫ್‌ಟಿಯ ಸಂಕೀರ್ಣ ಸಂಯುಗ್ಮದಿಂದ (ಕಾಲ್ಪನಿಕ ಭಾಗದ ಚಿಹ್ನೆ ಬದಲಿಸಿದ ರೂಪದಿಂದ) ಗುಣಿಸಿ, ವಿಲೋಮ ಎಫ್‌ಎಫ್‌ಟಿ ಮಾಡಿದರೆ ಕಂಪ್ರೆಷನ್ ಮುಗಿಯಿತು. ಆದರೆ ದತ್ತಾಂಶದ ಕೊನೆಗೆ ಸಾಕಷ್ಟು ಸೊನ್ನೆಗಳನ್ನು ಸೇರಿಸದಿದ್ದರೆ ಒಂದು ತುದಿಯ ಫಲಿತಾಂಶ ಸುತ್ತಿಕೊಂಡು ಇನ್ನೊಂದು ತುದಿಗೆ ಬಂದು, ಇಲ್ಲದ ಗುರಿಯನ್ನು ತೋರಿಸುತ್ತದೆ. ಸ್ವತಃ ಪ್ರೋಗ್ರಾಂ ಬರೆದು ನೋಡುವ ಓದುಗರು ಮೊದಲು ಮುಗ್ಗರಿಸುವುದು ಇಲ್ಲೇ, ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ತಿದ್ದಿ ಮತ್ತೆ ಕಳುಹಿಸಿ, ಖಂಡಿತ ಓದುತ್ತೇನೆ. ನಿಮ್ಮ ವಾಕ್ಯಗಳು ಚೊಕ್ಕವಾಗಿವೆ, ಭಾಷೆಯನ್ನು ಮುಟ್ಟಬೇಡಿ. ಚಿತ್ರಗಳಲ್ಲಿ ಮಾತ್ರ ಲಂಬ ಅಕ್ಷವನ್ನು ಡೆಸಿಬೆಲ್‌ಗೆ ಬದಲಿಸಿ. ಈಗಿರುವ ಅಳತೆಯಲ್ಲಿ ವಿಂಡೋ ಹಾಕಿದ ನಂತರದ ಸೈಡ್‌ಲೋಬ್‌ಗಳು ಕಣ್ಣಿಗೇ ಬೀಳುತ್ತಿಲ್ಲ.

ವಿಶ್ವಾಸದಿಂದ,
ಸಂಪಾದಕ