ಶ್ರೇಷ್ಠ ಹಿನ್ನೆಲೆ ಸಂಗೀತದ ಪಟ್ಟಿಗೆ ಸೇರಲು ಹಾಡು ಹಿಟ್ ಆದರೆ ಸಾಕಾ?

ಸಾಕಾಗುವುದಿಲ್ಲ. ಶಿರಸಿಯಲ್ಲಿ ನಮ್ಮ ಗೆಳೆಯರ ನಡುವೆ ಈ ಚರ್ಚೆ ಎದ್ದಾಗಲೆಲ್ಲ ಎಲ್ಲರೂ ಹಾಡುಗಳನ್ನೇ ಹೇಳುತ್ತಾರೆ. ಹಾಡು ಬೇರೆ, ದೃಶ್ಯದ ಹಿಂದೆ ಕೆಲಸ ಮಾಡುವ ಸಂಗೀತ ಬೇರೆ ಅಲ್ವಾ? ನಾನು ನೋಡುವುದು ಇಷ್ಟೇ: ಆ ಸಂಗೀತ ತೆಗೆದರೆ ದೃಶ್ಯದ ಅರ್ಥವೇ ಬದಲಾಗುತ್ತದಾ?

ಇಂಗ್ಲಿಷ್ ಚಿತ್ರ 'ಸೈಕೋ' (1960) ತಗೊಳ್ಳಿ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಆದರೂ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೆದರು. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಇಡೀ ಚಿತ್ರಕ್ಕೆ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಕಿರುಚುವ ಆ ಪಿಟೀಲುಗಳಿಲ್ಲದೆ ಆ ದೃಶ್ಯವನ್ನು ಇವತ್ತು ಊಹಿಸಲೂ ಆಗುವುದಿಲ್ಲ. ದೊಡ್ಡ ವಾದ್ಯವೃಂದ ಇದ್ದರೆ ದೊಡ್ಡ ಸಂಗೀತ ಅನ್ನುವವರು ಇದನ್ನು ಕೇಳಲೇಬೇಕು.

ಕನ್ನಡದಲ್ಲಿ ನನ್ನ ಮೊದಲ ಆಯ್ಕೆ 'ಘಟಶ್ರಾದ್ಧ' (1977). ಬಿ.ವಿ. ಕಾರಂತರಿಗೆ ಅದರ ಸಂಗೀತಕ್ಕಾಗಿ ರಾಷ್ಟ್ರ ಪ್ರಶಸ್ತಿ ಬಂತು. ಆದರೂ ಇಂಥ ಚರ್ಚೆಗಳಲ್ಲಿ ಅದರ ಹೆಸರೇ ಬರುವುದಿಲ್ಲ, ಬೇಜಾರಾಗುತ್ತದೆ.

ನಮ್ಮ ಹೊನ್ನಾವರ ಕಡೆಯ ಶಂಕರ್ ನಾಗ್ ನಿರ್ದೇಶಿಸಿದ 'ಗೀತಾ' (1981) ಬಗ್ಗೆ ಜಾಸ್ತಿ ಜನ ವಾದಿಸುತ್ತಾರೆ. ಇಳಯರಾಜಾ ಅವರ ಆ ಹಾಡುಗಳು ನನಗೂ ಪ್ರಾಣ. ಆದರೆ ಅವನ್ನು ನಾನು ಹಾಡುಗಳ ಪಟ್ಟಿಗೇ ಸೇರಿಸುತ್ತೇನೆ.