ಹೊಲದ ನಡುವಿನ ನೇರ ಪಟ್ಟಿ ಹಳೇ ರನ್‌ವೇ ಹೌದೋ ಅಲ್ಲವೋ ಗುರುತಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಗೂಗಲ್ ಅರ್ಥ್‌ನಲ್ಲಿ ಮುಂಡರಗಿ ಕಡೆ ಹೊಲಗಳ ನಡುವೆ ಒಂದೂವರೆ ಕಿಲೋಮೀಟರ್ ಉದ್ದದ ಬಿಳಿಚಿದ ಪಟ್ಟಿ ಕಂಡಿದೆ, ಬ್ರಿಟಿಷರ ಕಾಲದ ವಿಮಾನ ನಿಲ್ದಾಣ ಇರಬಹುದಾ, ಮೇಲಿನಿಂದ ನೋಡಿ ಗುರುತಿಸುವುದು ಹೇಗೆ? ನೀವು ಹಾಕಿದ ಚಿತ್ರ ನೋಡಿದೆ. ನನ್ನ ಪ್ರಕಾರ ಅದು ವಿಂಡ್‌ಮಿಲ್‌ಗಳಿಗೆ ಹೋಗುವ ದಾರಿ. ಬೇಜಾರಾಯ್ತಾ? ಇರಲಿ, ಕಾರಣ ಹೇಳುತ್ತೇನೆ.

ಎಲ್ಲರೂ ಮೊದಲು ಉದ್ದ ನೋಡಿ ಖುಷಿಪಡುತ್ತಾರೆ. ನರಗುಂದ ಕಡೆಯ ಕಾಲುವೆ, ಊರಾಚೆಯ ಬೈಪಾಸ್, ಮೀಟರ್ ಗೇಜ್ ಹಳಿ ಕಿತ್ತ ಜಾಗ, ಇವೂ ಉದ್ದವೇ, ನೇರವೇ. ನಾನು ಮೊದಲು ತುದಿ ನೋಡುತ್ತೇನೆ. ರಸ್ತೆ, ಕಾಲುವೆ ಎಲ್ಲಿಗೋ ಹೋಗಿ ಸೇರಬೇಕು. ರನ್‌ವೇ ಎಲ್ಲಿಗೂ ಹೋಗಲ್ಲ, ಎರಡೂ ಕಡೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಎಷ್ಟೋ ಕಡೆ ವಿಮಾನ ತಿರುಗಿಸಲು ತುದಿಯಲ್ಲಿ ಸ್ವಲ್ಪ ಅಗಲ ಬಿಟ್ಟಿರುತ್ತಾರೆ. ಊರಿನಿಂದ ಬರುವ ದಾರಿ ಸಾಮಾನ್ಯವಾಗಿ ಪಟ್ಟಿಯ ಬದಿಗೆ ಬಂದು ಸೇರುತ್ತದೆ, ತುದಿಗಲ್ಲ. ಹಳೇ ಚಕ್ಕಡಿ ದಾರಿಗಳು ಪಟ್ಟಿಯನ್ನು ದಾಟದೆ ತುದಿಯನ್ನು ಸುತ್ತಿಕೊಂಡು ಹೋಗಿರುತ್ತವೆ. ನಿಮ್ಮ ಚಿತ್ರದಲ್ಲಿ ಎರಡು ದಾರಿಗಳು ಪಟ್ಟಿಯನ್ನು ಸೀದಾ ದಾಟಿವೆ. ಪಟ್ಟಿಯ ಒಂದು ತುದಿ ಡಾಂಬರು ರಸ್ತೆಗೆ ಕೂಡಿದೆ.

ಆಮೇಲೆ ಅಗಲ. ಗೂಗಲ್ ಅರ್ಥ್‌ನಲ್ಲಿ ಅಳತೆ ಪಟ್ಟಿ ಇದೆ, ಎಳೆದು ನೋಡಿ. ದೊಡ್ಡ ವಿಮಾನ ಇಳಿಯುವ ರನ್‌ವೇ 30ರಿಂದ 45 ಮೀಟರ್ ಅಗಲ ಇರುತ್ತದೆ. ನಿಮ್ಮದು ಹತ್ತು ಮೀಟರ್ ಕೂಡ ಇಲ್ಲ. ಪಕ್ಕದಲ್ಲಿ ಅಲ್ಲಲ್ಲಿ ಕಾಣುವ ಚೌಕಾಕಾರದ ಬಯಲು ವಿಮಾನ ನಿಲ್ಲಿಸುವ ಜಾಗ ಇರಬಹುದು ಅಂದುಕೊಂಡಿದ್ದೀರಿ. ಅದು ವಿಂಡ್‌ಮಿಲ್ ಎತ್ತಿ ನಿಲ್ಲಿಸಲು ಕ್ರೇನ್ ನಿಂತ ಜಾಗ. ಕಪ್ಪತಗುಡ್ಡದ ಸುತ್ತ ಇಂಥವು ಬೇಕಾದಷ್ಟಿವೆ. ಕಂಬದ ಉದ್ದನೆಯ ನೆರಳು ಬಿದ್ದಿದೆಯಾ ನೋಡಿ, ಅನುಮಾನವೇ ಉಳಿಯಲ್ಲ.

ದಿಕ್ಕೂ ಒಂದು ಸುಳಿವು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಇಳಿಯಬೇಕು. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಹುಬ್ಬಳ್ಳಿ, ಬೆಳಗಾವಿ ಎರಡರಲ್ಲೂ ರನ್‌ವೇ ಸಂಖ್ಯೆ 08/26, ಬೆಂಗಳೂರು, ಮೈಸೂರಿನಲ್ಲಿ 09/27. ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 08 ಅಂದರೆ ಸುಮಾರು 80 ಡಿಗ್ರಿ, ಹೆಚ್ಚೂಕಡಿಮೆ ಪೂರ್ವ; 26 ಅಂದರೆ ಅದರ ಎದುರು ದಿಕ್ಕು, ಪಶ್ಚಿಮ. ಉತ್ತರ-ದಕ್ಷಿಣ ಪಟ್ಟಿ ಕಂಡರೆ ನನಗೆ ಅಲ್ಲೇ ಅನುಮಾನ ಶುರು.

ಎರಡನೇ ಮಹಾಯುದ್ಧದ ನಿಲ್ದಾಣ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗಬೇಕಾದರೆ ಪಶ್ಚಿಮ ಬಂಗಾಳದ ಪಿಯರ್‌ಡೋಬಾ, ದೂಧ್‌ಕುಂಡಿ ನೋಡಿ. 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳು ಬಳಸಿದ ಜಾಗಗಳು. ಬ್ರಿಟನ್ನಿನಲ್ಲಾದರೆ ಮೂರು ರನ್‌ವೇ ಒಂದನ್ನೊಂದು ಕತ್ತರಿಸಿ ತ್ರಿಕೋನ ಆಗಿರುತ್ತವೆ. ಸುತ್ತ ಹಿಡಿಕೆ ಇರುವ ಕಾವಲಿಯಂಥ ದುಂಡು ಜಾಗಗಳು ಇರುತ್ತವೆ, ಬಾಂಬ್ ಬಿದ್ದರೂ ವಿಮಾನಗಳೆಲ್ಲ ಒಟ್ಟಿಗೆ ಹೋಗದಿರಲಿ ಅಂತ ದೂರ ದೂರ ನಿಲ್ಲಿಸಲು. ನಮಗೆ ಹತ್ತಿರದ್ದು ಬೆಳಗಾವಿಯ ಸಾಂಬ್ರಾ, 1942ರದ್ದು. ಅದು ಈಗಲೂ ಬಳಕೆಯಲ್ಲಿದೆ.

ನನಗೆ ಇದರಲ್ಲಿ ಬಹಳ ಇಷ್ಟದ ಭಾಗ ಎರೆ ಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ರನ್‌ವೇ ಹಾಕಿದರೆ ಉಳಿಯಲ್ಲ. ಕೆಳಗೆ ಗರಸು, ಜಲ್ಲಿ ತುಂಬಿ ರೋಲರ್ ಹೊಡೆಯಲೇಬೇಕು. ಮುಂದೆ ಯಾರೋ ಡಾಂಬರು ಕಿತ್ತು ಒಯ್ದು, ರೈತರು ಉತ್ತು ಬಿತ್ತಿದರೂ ಆ ಗರಸು ಪೂರ್ತಿ ಹೋಗಲ್ಲ. ಹಿಂಗಾರಿ ಕಡಲೆ, ಬಿಳಿಜೋಳ ನೆಲದಲ್ಲಿ ಉಳಿದ ತೇವದ ಮೇಲೆಯೇ ಬದುಕುವ ಬೆಳೆಗಳು. ಗರಸಿನ ಮೇಲೆ ನಿಂತ ಸಾಲು ಉಳಿದ ಹೊಲಕ್ಕಿಂತ ಮೊದಲೇ ಹಳದಿಗೆ ತಿರುಗುತ್ತದೆ. ಡಿಸೆಂಬರ್, ಜನವರಿ ಚಿತ್ರಗಳಲ್ಲಿ ಹಸಿರು ಹೊಲದ ನಡುವೆ ಆ ಹಳದಿ ಪಟ್ಟಿ ಕಾಣುತ್ತದೆ. ಮೇ ತಿಂಗಳಲ್ಲಿ ಬೆಳೆ ಇರಲ್ಲ, ಆಗ ಕಪ್ಪು ನೆಲದ ಮೇಲೆ ಬಿಳಿಚಿದ ಪಟ್ಟಿ. ನೆಲದ ಮೇಲೆ ನಿಂತರೆ ಏನೂ ಗೊತ್ತಾಗಲ್ಲ. ಇದಕ್ಕೆ ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳು ಸಾಕು. ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್, ಅಂದರೆ 45 ಮೀಟರ್ ರನ್‌ವೇ ನಾಲ್ಕೂವರೆ ಚುಕ್ಕಿ ಅಗಲ. ಸುಮ್ನೆ ಒಂದೇ ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ತಿಂಗಳು ಬದಲಿಸಿ ನೋಡಿ. ಅಂದಹಾಗೆ, ಬ್ಯಾಡಗಿ ಸುತ್ತ ಫೆಬ್ರುವರಿಯಲ್ಲಿ ಕೆಂಪು ಆಯತಗಳು ಕಂಡರೆ ಗಾಬರಿ ಬೇಡ, ಅದು ಒಣಹಾಕಿದ ಮೆಣಸಿನಕಾಯಿ.

ಹಳೇ ದಾಖಲೆಯೂ ಬೇಕು ಅಲ್ವಾ? ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿಸಿದ, ಯು502 ಅಂತ ಕರೆಯುವ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ವಿಮಾನ ನಿಲ್ದಾಣಗಳ ಗುರುತು ಇದೆ. 1960ರಿಂದ 1972ರವರೆಗೆ ಅಮೆರಿಕದ ‘ಕರೋನಾ’ ಹೆಸರಿನ ಬೇಹು ಉಪಗ್ರಹಗಳು ತೆಗೆದ ಚಿತ್ರಗಳೂ 1995ರಿಂದ ಬಹಿರಂಗವಾಗಿವೆ. ವಿಂಡ್‌ಮಿಲ್ ಬರುವ ಎಷ್ಟೋ ಮುಂಚಿನ ಚಿತ್ರಗಳಾದ್ದರಿಂದ ನಿಮ್ಮಂಥ ಪ್ರಶ್ನೆಗೆ ಜಾಸ್ತಿ ಉಪಯೋಗ.

ಕೊನೆಗೆ ಮೊಬೈಲ್‌ನಲ್ಲಿ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಪಟ್ಟಿಯ ಮೇಲೆ ಬೆರಳಿಟ್ಟು ಸರ್ವೆ ನಂಬರ್ ನೋಡಿ, ಆ ನಂಬರಿನ ಪಹಣಿ ತೆಗೆಯಿರಿ. ಉದ್ದಕ್ಕೂ ಸರ್ಕಾರದ ಹೆಸರಿನ ಒಂದೇ ದೊಡ್ಡ ತುಂಡು ಬಂದರೆ ನನಗೆ ಮತ್ತೆ ಬರೆಯಿರಿ, ಕೂತು ನೋಡೋಣ. ಮಾರಿಗೊಂದು ರೈತರ ಹೆಸರು ಬಂದರೆ ಆ ಪಟ್ಟಿ ಬಿಟ್ಟು ಬೇರೆ ಹುಡುಕಿ.